ಒಡೆಯನಿಲ್ಲದ ಜಾಲ: ಹೊರೆ ಯಾರ ಹೆಗಲಿಗೆ?

ಬೆಂಗಳೂರಿನಲ್ಲಿ 2020ರಲ್ಲಿ ಆರಂಭವಾದ ‘ಕೂ’ ತಾಣವನ್ನು ನಿಮ್ಮಲ್ಲಿ ಕೆಲವರಾದರೂ ಬಳಸಿರಬಹುದು. ಅದು ಮೊದಲು ಬಂದದ್ದೇ ಕನ್ನಡದಲ್ಲಿ. 2024ರ ಜುಲೈನಲ್ಲಿ ಸೇವೆ ನಿಲ್ಲಿಸುವುದಾಗಿ ಸ್ಥಾಪಕರು ಪ್ರಕಟಿಸಿದರು. ಹಣದ ಕೊರತೆ ಕಾರಣವೆಂಬುದು ನಿಜ. ಆದರೆ ಹಣ ಮುಗಿದೊಡನೆ ಸಾವಿರಾರು ಜನರ ಪರಿಚಯದ ಎಳೆಗಳೂ ಏಕೆ ಕಡಿಯಬೇಕು? ಖಾತೆ, ಬರಹ, ಓದುಗರೊಡನೆ ಸಂಬಂಧ, ಈ ಮೂರೂ ಒಂದೇ ಸಂಸ್ಥೆಯ ಗಣಕಗಳಲ್ಲಿದ್ದವು ಎಂಬುದೇ ಉತ್ತರ. ಟ್ವಿಟರ್, ಫೇಸ್‌ಬುಕ್‌ಗಳ ರಚನೆಯೂ ಇದೇ.

ಇ-ಅಂಚೆ ಹೀಗಿಲ್ಲ. ಮರ್ಫಿ ಟೌನಿನ ಒಬ್ಬರು ಒಂದು ಕಂಪನಿಯ ಅಂಚೆಪೆಟ್ಟಿಗೆಯಿಂದ ಕಳುಹಿಸಿದ ಪತ್ರ, ಕಾಸರಗೋಡಿನಲ್ಲಿ ಬೇರೆ ಕಂಪನಿಯ ಪೆಟ್ಟಿಗೆಗೆ ತಲುಪುತ್ತದೆ. 1982ರಿಂದಲೂ ಎಲ್ಲರೂ ಒಪ್ಪಿದ ಒಂದು ಪ್ರೊಟೊಕಾಲ್, ಅಂದರೆ ಗಣಕಗಳ ನಡುವಿನ ಮಾತುಕತೆಯ ನಿಯಮ, ಇದನ್ನು ಸಾಧ್ಯವಾಗಿಸಿದೆ. ಸಾಮಾಜಿಕ ಜಾಲಕ್ಕೂ ಇಂಥದೇ ನಿಯಮ ಬೇಕೆಂದು ಹೊರಟವುಗಳಲ್ಲಿ ಮೂರು ಮುಖ್ಯ: ಆಕ್ಟಿವಿಟಿಪಬ್, ಎಟಿ ಪ್ರೊಟೊಕಾಲ್, ನಾಸ್ಟರ್. ಮೂರೂ ‘ವಿಕೇಂದ್ರಿತ’ ಎಂದು ಕರೆದುಕೊಳ್ಳುತ್ತವೆ. ಆ ಪದವನ್ನು ನೀವು ಸುಲಭವಾಗಿ ನಂಬಬಾರದೆಂಬುದು ನನ್ನ ಸಲಹೆ.

ಆಕ್ಟಿವಿಟಿಪಬ್ 2018ರ ಜನವರಿಯಲ್ಲಿ ವಿಶ್ವವ್ಯಾಪಿ ಜಾಲದ ಒಕ್ಕೂಟದ ಶಿಫಾರಸಾಯಿತು. ಮಾಸ್ಟೊಡಾನ್ ಬಳಸುವುದು ಇದನ್ನೇ. ನಿಮ್ಮ ಸರ್ವರ್, ನಿಮ್ಮ ಬರಹವನ್ನು ಹಿಂಬಾಲಕರಿರುವ ಸರ್ವರ್‌ಗಳಿಗಷ್ಟೇ ತಲುಪಿಸುತ್ತದೆ. 400 ಹಿಂಬಾಲಕರು 60 ಸರ್ವರ್‌ಗಳಲ್ಲಿ ಹಂಚಿದ್ದರೆ ಸುಮಾರು 60 ರವಾನೆ ಸಾಕು. ಸಾವಿರ ಸರ್ವರ್‌ಗಳು ಪರಸ್ಪರ ಮಾತನಾಡಲು 9,99,000 ದಾರಿಗಳು ಬೇಕೆಂದು ಹೆದರಿಸುವವರು ಈ ಸಂಗತಿಯನ್ನು ಮರೆಯುತ್ತಾರೆ. ಕನ್ನಡದಂಥ ಚಿಕ್ಕ ಸಮುದಾಯಕ್ಕೆ ಈ ಹೊರೆ ಹಗುರ. ಒಂದು ಕಾಲೇಜು ತನ್ನದೇ ಸರ್ವರ್ ನಡೆಸಬಹುದು.

ಬೆಲೆ ಬೇರೆ ಕಡೆ ತೆರಬೇಕಾಗುತ್ತದೆ. ಇಡೀ ಜಾಲವನ್ನು ಕಂಡ ಸರ್ವರ್ ಯಾವುದೂ ಇಲ್ಲದಿರುವುದರಿಂದ ಹುಡುಕಾಟ ಅಪೂರ್ಣ. ಒಂದೇ ಬರಹಕ್ಕೆ ನನಗೆ ಐದು ಉತ್ತರ ಕಂಡರೆ ನಿಮಗೆ ಎರಡೇ ಕಾಣಬಹುದು. ಇದಕ್ಕಿಂತ ಗಂಭೀರವಾದದ್ದು ಗುರುತಿನ ಪ್ರಶ್ನೆ. ನಿಮ್ಮ ಹೆಸರಿಗೆ ಸರ್ವರ್‌ನ ಹೆಸರು ಅಂಟಿಕೊಂಡಿರುತ್ತದೆ. 2023ರಲ್ಲಿ ‘ಮಾಸ್ಟೊಡಾನ್ ಡಾಟ್ ಲೋಲ್’ ಸರ್ವರನ್ನು ಅದರ ನಿರ್ವಾಹಕರು ಮುಚ್ಚಿದಾಗ ಬಳಕೆದಾರರು ಹೊಸ ಮನೆ ಹುಡುಕಬೇಕಾಯಿತು. ಮಾಸ್ಟೊಡಾನ್‌ನಲ್ಲಿ ಮನೆ ಬದಲಿಸಿದರೆ ಹಿಂಬಾಲಕರು ಜೊತೆಗೆ ಬರುತ್ತಾರೆ, ಹಳೆಯ ಬರಹಗಳು ಬರುವುದಿಲ್ಲ. ಅದೂ ಹಳೆಯ ಸರ್ವರ್ ಇನ್ನೂ ಜೀವಂತವಾಗಿದ್ದರೆ ಮಾತ್ರ. ‘ಕೂ’ ಕಲಿಸಿದ ಪಾಠಕ್ಕೆ ಇದು ಅರ್ಧ ಉತ್ತರವಷ್ಟೇ.

ಬ್ಲೂಸ್ಕೈ ಬಳಸುವ ಎಟಿ ಪ್ರೊಟೊಕಾಲ್ ಈ ಕೊರತೆಯನ್ನೇ ಗುರಿಯಾಗಿಟ್ಟುಕೊಂಡಿತು. ನಿಮ್ಮ ಬರಹಗಳೆಲ್ಲ ಗಣಿತೀಯ ಸಹಿ ಹೊತ್ತ ಒಂದು ಕಡತವಾಗಿರುತ್ತವೆ. ಗುರುತು ಸರ್ವರ್‌ನಿಂದ ಪ್ರತ್ಯೇಕ. ಕಡತದ ಪ್ರತಿ ಮತ್ತು ಗುಪ್ತಕೀಲಿ ನಿಮ್ಮ ಬಳಿ ಇದ್ದರೆ, ಹಳೆಯ ಸರ್ವರ್ ಸಹಕರಿಸದಿದ್ದರೂ ಬೇರೆಡೆಗೆ ಹೋಗಬಹುದು. ನಿಮ್ಮ ಶಾಲೆಗೆ ಸ್ವಂತ ಜಾಲವಿಳಾಸವಿದ್ದರೆ ಅದೇ ಖಾತೆಯ ಹೆಸರೂ ಆಗಬಲ್ಲದು. ವಿನ್ಯಾಸವಾಗಿ ಇದು ಮೂರರಲ್ಲಿ ಅತ್ಯಂತ ಅಚ್ಚುಕಟ್ಟಾದದ್ದು.

ಆದರೆ ಆಚರಣೆ ನೋಡಿ. ಬಹುಪಾಲು ಬಳಕೆದಾರರ ಕೀಲಿ ಕಂಪನಿಯ ಸರ್ವರ್‌ನಲ್ಲೇ ಇದೆ. ಎಲ್ಲರ ಬರಹವನ್ನೂ ಒಂದು ಪ್ರವಾಹವಾಗಿ ಒಟ್ಟುಗೂಡಿಸುವ ‘ರಿಲೇ’, ಅದರಿಂದ ಸೂಚಿ ತಯಾರಿಸುವ ವ್ಯವಸ್ಥೆ, ಇವೆರಡೂ ಇಡೀ ಜಾಲದ ಗಾತ್ರಕ್ಕೆ ತಕ್ಕಂತೆ ಬೆಳೆಯಬೇಕು. ಪೂರ್ಣ ಸೂಚಿಯನ್ನು ನಡೆಸುವುದು ಕಾಲೇಜಿನ ಪ್ರಯೋಗಾಲಯದ ಕೈಗೆಟಕುವ ಕೆಲಸವಲ್ಲ. ಹುಡುಕಾಟ ಪೂರ್ಣವಾಗಿ ಸಿಗುತ್ತದೆ, ಸರಿ. ಅದನ್ನು ಒದಗಿಸಬಲ್ಲವರು ಮಾತ್ರ ಬೆರಳೆಣಿಕೆಯಷ್ಟು. ಬಳಕೆದಾರರ ಗುರುತುಗಳ ದಾಖಲೆಪಟ್ಟಿಯೂ ಬ್ಲೂಸ್ಕೈ ಸಂಸ್ಥೆಯೇ ಹುಟ್ಟುಹಾಕಿದ್ದು. ಹೊರಡುವ ಹಕ್ಕು ಕಾಗದದ ಮೇಲಿದೆ, ಹೋಗಲು ಊರುಗಳು ಕಡಿಮೆ.

ಇಲ್ಲಿ ಒಂದು ಮೆಚ್ಚುಗೆಯ ಮಾತು. ಯುನಿಕೋಡ್‌ನಲ್ಲಿ ‘ಸ್ತ್ರೀ’ ಎಂಬ ಒಂದಕ್ಷರಕ್ಕೆ ಆರು ಸಂಕೇತ, 18 ಬೈಟ್. ಬರಹದ ಮಿತಿಯನ್ನು ಬೈಟ್‌ಗಳಲ್ಲೇ ಅಳೆದಿದ್ದರೆ ಕನ್ನಡಿಗರಿಗೆ ಇಂಗ್ಲಿಷಿನವರ ಮೂರನೇ ಒಂದು ಪಾಲೂ ದಕ್ಕುತ್ತಿರಲಿಲ್ಲ. ಬ್ಲೂಸ್ಕೈ 300 ಲಿಪಿಘಟಕಗಳೆಂದು ಎಣಿಸಿ, ಬೈಟ್ ಮಿತಿಯನ್ನು 3000ಕ್ಕೆ ಸಡಿಲಿಸಿದೆ.

ನಾಸ್ಟರ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಒಂದು ಜೋಡಿ ಕೀಲಿಯೇ ನಿಮ್ಮ ಗುರುತು. ಬರಹಕ್ಕೆ ಸಹಿ ಹಾಕಿ ನಾಲ್ಕಾರು ರಿಲೇಗಳಿಗೆ ಕಳುಹಿಸುತ್ತೀರಿ. ಸರಳತೆಯಲ್ಲಿ ಇದಕ್ಕೆ ಸಾಟಿಯಿಲ್ಲ. ಕೀಲಿ ಕಳೆದರೆ ಮರಳಿ ಕೊಡಿಸುವವರಿಲ್ಲ, ಕದ್ದುಹೋದರೆ ರದ್ದುಮಾಡುವವರೂ ಇಲ್ಲ. ರಿಲೇಗಳು ಬರಹವನ್ನು ಉಳಿಸಿಕೊಳ್ಳಲೇಬೇಕೆಂಬ ನಿಯಮವೂ ಇಲ್ಲ. ಹತ್ತನೆಯ ತರಗತಿಯ ಅಧ್ಯಾಪಕರಿಗೆ ಇದನ್ನು ನಾನು ಸೂಚಿಸಲಾರೆ.

ಹೀಗಾಗಿ ಪಾಠದ ಚರ್ಚೆಗೊಂದು ಗುಂಪು ಕಟ್ಟುವ ಅಧ್ಯಾಪಕರಿಗೆ ನನ್ನ ಮತ ಆಕ್ಟಿವಿಟಿಪಬ್ ಕಡೆಗೆ. ಅದರ ಗುರುತಿನ ದೋಷ, ಸರ್ವರ್ ಸ್ವಂತ ಜಾಲವಿಳಾಸದಲ್ಲಿದ್ದರೆ ಬಹುಮಟ್ಟಿಗೆ ತಗ್ಗುತ್ತದೆ. ಬ್ಲೂಸ್ಕೈಯ ಸೂಚಿಯ ವೆಚ್ಚ ಹಾಗೆ ತಗ್ಗುವುದಿಲ್ಲ. ಒಂದು ಎಚ್ಚರ ಅಗತ್ಯ: ಮಾಸ್ಟೊಡಾನ್‌ನ ‘ಖಾಸಗಿ’ ಸಂದೇಶಗಳನ್ನು ಸರ್ವರ್ ನಿರ್ವಾಹಕರು ಓದಬಲ್ಲರು, ಬ್ಲೂಸ್ಕೈ ಬರಹಗಳಂತೂ ಪೂರ್ಣ ಬಹಿರಂಗ. ವಿದ್ಯಾರ್ಥಿಗಳ ಅಂಕ, ಹಾಜರಿ, ಮನೆಯ ಕಷ್ಟಗಳ ಮಾತನ್ನು ಇವೆರಡರಲ್ಲೂ ಬರೆಯಬೇಡಿ.