ತಲೆಯ ಜಾಗದಲ್ಲಿ ತಾವರೆ

ಬಾದಾಮಿಯ ಅಗಸ್ತ್ಯತೀರ್ಥದ ಬಳಿಯ ಮ್ಯೂಸಿಯಮ್ಮಿನಲ್ಲಿ ಒಬ್ಬ ಲಜ್ಜಾಗೌರಿ ಇದ್ದಾಳೆ. ನಾಗನಾಥಕೊಳ್ಳದಿಂದ ತಂದ, ಚಾಲುಕ್ಯರ ಕಾಲದ ಶಿಲ್ಪ. ಮಂಡಿ ಮಡಚಿ ಕಾಲು ಅಗಲಿಸಿದ ಹೆರಿಗೆಯ ಭಂಗಿ, ತುಂಬಿದ ಎದೆ, ಮೈಮೇಲೆ ಒಡವೆ. ಕತ್ತಿನ ಮೇಲೆ ಮಾತ್ರ ಮುಖವಿಲ್ಲ, ಅರಳಿದ ತಾವರೆಯಿದೆ. ಐಹೊಳೆಯ ಹತ್ತಿರದ ಸಿದ್ಧನಕೊಳ್ಳದಲ್ಲಿ ಇಂಥದೇ ಇನ್ನೊಬ್ಬಳಿದ್ದಾಳೆ. ಅಲ್ಲಿ ಆಕೆ ಪ್ರದರ್ಶನದ ವಸ್ತುವಲ್ಲ. ಹುನಗುಂದ, ಇಳಕಲ್ ಸೀಮೆಯ ಹೆಣ್ಣುಮಕ್ಕಳು ಸಂತಾನ ಬೇಡಿ ಬರುವ ದೇವಿ.

ಈ ತಾವರೆಯ ಬಗ್ಗೆ ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ರಾ. ಚಿಂ. ಢೇರೆ ಮರಾಠಿಯ ‘ಲಜ್ಜಾಗೌರಿ’ (1978) ಪುಸ್ತಕದಲ್ಲಿ ಆಕೆಯನ್ನು ಭೂದೇವಿಯ ಜೊತೆಗೆ, ರೇಣುಕೆ-ಯಲ್ಲಮ್ಮನ ಪರಂಪರೆಯ ಜೊತೆಗೆ ಇಟ್ಟು ನೋಡಿದರು. ಕ್ಯಾರಲ್ ಬೋಲನ್ 1992ರ ತಮ್ಮ ಅಧ್ಯಯನದಲ್ಲಿ ಪೂರ್ಣಕುಂಭ ಮತ್ತು ತಾವರೆಯಿಂದ ಈ ರೂಪ ಬೆಳೆದದ್ದನ್ನು ಗುರುತಿಸಿದರು. ಇಬ್ಬರ ಓದಿನಲ್ಲೂ ತಾವರೆ ಎಂದರೆ ಸಮೃದ್ಧಿ. ಆದರೆ ಶಿಲ್ಪದ ಮುಂದೆ ನಿಂತ ನಮ್ಮಂಥವರ ಓದು ಬೇರೆ. ‘ಲಜ್ಜೆ’ ಎಂಬ ಹೆಸರು ಕಿವಿಗೆ ಬಿದ್ದ ಕೂಡಲೇ ನಾವು ತಲೆ ಇಲ್ಲದ್ದನ್ನಷ್ಟೇ ಕಾಣುತ್ತೇವೆ. ತಾಯಿಯಾಗಲು ಒಡಲು ಸಾಕು, ತಲೆ ಬೇಕಿಲ್ಲ ಎಂಬ ತೀರ್ಮಾನಕ್ಕೆ ಬಂದುಬಿಡುತ್ತೇವೆ.

ಈ ಓದಿಗೆ ನನ್ನ ತಕರಾರಿದೆ. ಅದು ಹುಟ್ಟಿದ್ದು ಸೌಂದರ್ಯಶಾಸ್ತ್ರದಿಂದಲ್ಲ, ಒಂದು ಕಾಯಿಲೆಯಿಂದ.

ಮೆದುಳಿನ ಬುಡದಲ್ಲಿ, ಎಲುಬಿನ ಸಣ್ಣ ಕುಳಿಯಲ್ಲಿ ಪಿಟ್ಯುಟರಿ ಗ್ರಂಥಿ ಇದೆ. ಗಾತ್ರ ಒಂದು ಕಡಲೆಕಾಳಿನಷ್ಟು, ತೂಕ ಸುಮಾರು ಅರ್ಧ ಗ್ರಾಂ. ಮುಟ್ಟು, ಗರ್ಭ, ಎದೆಹಾಲು ಮೂರಕ್ಕೂ ಅಪ್ಪಣೆ ಹೊರಡುವುದು ಅಲ್ಲಿಂದ. ಗರ್ಭಿಣಿಯಲ್ಲಿ ಹಾಲಿನ ಸಿದ್ಧತೆಗಾಗಿ ಅದು ಉಬ್ಬುತ್ತದೆ, ಆದರೆ ಅದಕ್ಕೆ ಹರಿಯುವ ರಕ್ತ ಅಷ್ಟೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ ರಕ್ತದೊತ್ತಡ ಕುಸಿದರೆ ಗ್ರಂಥಿಯ ಭಾಗ ಸತ್ತುಹೋಗಬಹುದು. ಇದನ್ನು 1937ರಲ್ಲಿ ವಿವರಿಸಿದ ಬ್ರಿಟನ್ನಿನ ವೈದ್ಯ ಹೆರಾಲ್ಡ್ ಶೀಹನ್ ಹೆಸರಲ್ಲೇ ಅದು ಶೀಹನ್ ಸಿಂಡ್ರೋಮ್. ಕಾಶ್ಮೀರದ ಹೆತ್ತ ಹೆಂಗಸರಲ್ಲಿ ಸುಮಾರು ಶೇ. 3ರಷ್ಟು ಮಂದಿಗೆ ಈ ತೊಂದರೆ ಇದೆಯೆಂದು 2005ರ ಒಂದು ಅಧ್ಯಯನ ಅಂದಾಜಿಸಿತು. ಮನೆಯಲ್ಲೇ ಹೆರಿಗೆಯಾಗುತ್ತಿದ್ದ ಕಾಲವನ್ನು ನೋಡಿದ ಯಾವ ಸೀಮೆಯೂ ಈ ಮಾತನ್ನು ದೂರದ ಸುದ್ದಿ ಎಂದು ಬಿಡುವಂತಿಲ್ಲ.

ಕಾಯಿಲೆ ಗದ್ದಲ ಮಾಡುವುದಿಲ್ಲ. ಬಾಣಂತಿಗೆ ಹಾಲು ಬರುವುದಿಲ್ಲ. ಮುಟ್ಟು ಮರಳುವುದಿಲ್ಲ. ಕಂಕುಳ ಕೂದಲು ಉದುರುತ್ತದೆ. ಬಾಗಲಕೋಟೆಯ ಬೇಸಿಗೆಯಲ್ಲೂ ಚಳಿ ಎಂದು ಕೌದಿ ಹೊದೆಯುತ್ತಾಳೆ, ಕೂತಲ್ಲೇ ಸುಸ್ತಾಗುತ್ತಾಳೆ. ಮನೆ ಇದನ್ನೆಲ್ಲ ತನಗೆ ಬರುವ ಭಾಷೆಯಲ್ಲೇ ಓದುತ್ತದೆ: ಮೈಗಳ್ಳಿ, ಎರಡನೆಯದು ನಿಲ್ಲಲಿಲ್ಲ, ದೇವಿಗೆ ಹರಕೆ ಹೊರಬೇಕು. ಬಂಜೆ ಮತ್ತು ಬಾಣಂತಿ ಎಂಬ ಎರಡು ಪಾತ್ರಗಳು ನಮ್ಮ ಹಾಡಿಗೂ ಕಥೆಗೂ ಗೊತ್ತು. ಒಂದು ಹೆತ್ತು, ಆಮೇಲೆ ಮೆಲ್ಲಗೆ ಆರಿಹೋಗುವವಳು ಇವೆರಡರಲ್ಲಿ ಯಾವುದಕ್ಕೂ ಸೇರುವುದಿಲ್ಲ. ಹಾಗಾಗಿ ವರ್ಷಗಟ್ಟಲೆ ಅವಳ ಕಾಯಿಲೆಗೆ ಹೆಸರೇ ಸಿಗುವುದಿಲ್ಲ.

ಆಸ್ಪತ್ರೆಯ ಓದೂ ತಪ್ಪಬಹುದು. ಸುಸ್ತು ಎಂದವಳಿಗೆ ಬರೀ ಟಿಎಸ್‌ಎಚ್ ಪರೀಕ್ಷೆ ಮಾಡಿಸಿದರೆ ‘ನಾರ್ಮಲ್’ ಎಂದೇ ಬರಬಹುದು. ಆ ಹಾರ್ಮೋನು ಹೊರಡುವುದೇ ಪಿಟ್ಯುಟರಿಯಿಂದ. ಚಿಕಿತ್ಸೆ ಇದೆ, ಆದರೆ ಅದಕ್ಕೊಂದು ಕ್ರಮವಿದೆ. ಮೊದಲು ಕಾರ್ಟಿಸಾಲ್‌ಗೆ ಬದಲಾಗಿ ಹೈಡ್ರೋಕಾರ್ಟಿಸೋನ್, ಆಮೇಲೆ ಥೈರಾಕ್ಸಿನ್. ಹಿಂದುಮುಂದಾದರೆ ಇದ್ದ ಅಲ್ಪ ಕಾರ್ಟಿಸಾಲೂ ಬೇಗ ಖರ್ಚಾಗಿ ಜೀವಕ್ಕೇ ಕುತ್ತು ಬರಬಹುದು. ಜ್ವರ ಬಂದಾಗ ವೈದ್ಯರು ಹೇಳಿದಂತೆ ಹೈಡ್ರೋಕಾರ್ಟಿಸೋನ್ ಹೆಚ್ಚಿಸಬೇಕು. ಗುಣವಾಯಿತೆಂದು ಗುಳಿಗೆ ನಿಲ್ಲಿಸುವಂತಿಲ್ಲ. ಈಸ್ಟ್ರೋಜೆನ್ ಕೊಟ್ಟು ಮುಟ್ಟು ತರಿಸಬಹುದು, ಬೇರೆ ಇಂಜೆಕ್ಷನ್ನುಗಳಿಂದ ಕೆಲವರಿಗೆ ಮತ್ತೆ ಗರ್ಭವೂ ನಿಲ್ಲುತ್ತದೆ. ಹಾಲಿನ ಹಾರ್ಮೋನಿಗೆ ಮಾತ್ರ ಅಂಗಡಿಯಲ್ಲಿ ಬದಲಿಯಿಲ್ಲ.

ಚಾಲುಕ್ಯರ ಶಿಲ್ಪಿಗೆ ಪಿಟ್ಯುಟರಿ ಗೊತ್ತಿತ್ತು ಎಂದರೆ ಅದು ವಿಮರ್ಶೆಯಲ್ಲ, ಬಡಾಯಿ. ನನ್ನ ಮಾತು ಅಷ್ಟು ದೂರ ಹೋಗುವುದಿಲ್ಲ. ಶಿಲ್ಪಿ ಕತ್ತಿನ ಮೇಲಿನ ಜಾಗವನ್ನು ಖಾಲಿ ಬಿಡಲಿಲ್ಲ. ಒಡಲಿನ ಸಮೃದ್ಧಿಯ ಗುರುತನ್ನು ತಲೆ ಇರಬೇಕಾದಲ್ಲಿಯೇ ಅರಳಿಸಿದ. ಖಾಲಿ ಎಂದು ಓದಿದವರು ನಾವು. ಹೆತ್ತವಳನ್ನು ಕತ್ತಿನಿಂದ ಕೆಳಗಷ್ಟೇ ನೋಡುವ ನಮ್ಮ ರೂಢಿಯನ್ನು ಕಲ್ಲಿನ ಮೇಲೆ ಹೇರಿದೆವು.

ಲಜ್ಜಾಗೌರಿಯ ಬಗ್ಗೆ ಬರೆಯುವ ವಿದ್ಯಾರ್ಥಿಗಳು ಸಿದ್ಧನಕೊಳ್ಳಕ್ಕೂ ಹೋಗಿಬರಲಿ. ಅಲ್ಲಿ ಕೈಮುಗಿದು ನಿಂತವಳ ಭಕ್ತಿಯನ್ನು ಅಳೆಯುವ ಗೋಜು ಬೇಡ. ಅವಳ ಮನೆಯವರಾಗಲಿ, ಊರಿನ ಆಶಾ ಕಾರ್ಯಕರ್ತೆಯಾಗಲಿ ಕೇಳಬೇಕಾದ ಎರಡು ಪ್ರಶ್ನೆಗಳಿವೆ: ‘ಹಡದಾಗ ರಕ್ತ ಭಾಳ ಹೋಗಿತ್ತೇನವ್ವಾ? ಎದಿಹಾಲು ಬಂದಿತ್ತೇನು?’ ಉತ್ತರ ಕೇಳುವಾಗ ಅವಳ ಮುಖ ನೋಡಬೇಕು.