ಗಾಮಾ-ಕಿರಣ ವೀಕ್ಷಣಾಲಯದಲ್ಲಿ ಕಾಲನಿರ್ಣಯ: ಒಂದು ವಿಮರ್ಶೆ

ಮೆಕ್ಸಿಕೋ ದೇಶದ ಸಿಯೆರಾ ನೆಗ್ರಾ ಪರ್ವತದ ಪಾರ್ಶ್ವದಲ್ಲಿ, 4,100 ಮೀಟರ್ ಎತ್ತರದಲ್ಲಿ, 2015ರಲ್ಲಿ ಪೂರ್ಣಗೊಂಡ ‘ಹಾಕ್’ ವೀಕ್ಷಣಾಲಯದಲ್ಲಿ 300 ದೊಡ್ಡ ನೀರಿನ ತೊಟ್ಟಿಗಳಿವೆ. ಒಂದೊಂದರ ತಳದಲ್ಲಿಯೂ ನಾಲ್ಕು ಫೋಟೋಮಲ್ಟಿಪ್ಲೈಯರ್ ನಳಿಕೆಗಳು. ಗಾಮಾ ಕಿರಣವು ವಾಯುಮಂಡಲದಲ್ಲಿ ಎಬ್ಬಿಸಿದ ಕಣವೃಷ್ಟಿಯು ಯಾವ ತೊಟ್ಟಿಯನ್ನು ಮೊದಲು, ಯಾವುದನ್ನು ಅನಂತರ ಮುಟ್ಟಿತೆಂಬುದರಿಂದಲೇ ಕಿರಣದ ದಿಕ್ಕನ್ನು ನಿರ್ಣಯಿಸಬೇಕು. ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ ಸುಮಾರು 30 ಸೆಂಟಿಮೀಟರ್ ಸಾಗುತ್ತದೆ. ಸುಮಾರು 150 ಮೀಟರ್ ಅಗಲದ ಆ ಕ್ಷೇತ್ರದಲ್ಲಿ ಒಂದಂಚಿನಿಂದ ಇನ್ನೊಂದಂಚಿಗೆ ಕ್ರಮವಾಗಿ ಏರುವ ಒಂದೇ ನ್ಯಾನೊಸೆಕೆಂಡಿನ ತಪ್ಪು ದಿಕ್ಕನ್ನು ಡಿಗ್ರಿಯ ಹತ್ತನೆಯ ಒಂದು ಭಾಗದಷ್ಟು ಸರಿಸಿಬಿಡುತ್ತದೆ.

ಪರಿಷ್ಕರಣದ ಮೊದಲ ಹಂತವು ನಿರ್ದುಷ್ಟವಾದುದು. ಲೇಸರ್ ಬೆಳಕನ್ನು ಗಾಜಿನ ಎಳೆಗಳ ಮೂಲಕ ತೊಟ್ಟಿಗಳಿಗೆ ಕಳುಹಿಸಿ, ಅದರ ತೀಕ್ಷ್ಣತೆಯನ್ನು ಏರಿಳಿಸಿ, ದುರ್ಬಲ ಸ್ಪಂದವು ಎಷ್ಟು ತಡವಾಗಿ ದಾಖಲಾಗುವುದೆಂದು ಅಳೆಯುತ್ತಾರೆ. ಎರಡನೆಯ ಹಂತದಲ್ಲಿ ಕಣವೃಷ್ಟಿಗಳಿಂದಲೇ ಪ್ರತಿ ನಳಿಕೆಯ ಉಳಿದ ದೋಷವನ್ನು ತೆಗೆಯುತ್ತಾರೆ. ಇಲ್ಲಿ ವೀಣೆಯಿಂದ ತಂಬೂರಿಗೆ ಶ್ರುತಿ ಹಿಡಿದು, ಆ ತಂಬೂರಿಯಿಂದ ವೀಣೆಯನ್ನು ಪರೀಕ್ಷಿಸಿದಂತಾಗುತ್ತದೆ: ಇಡೀ ಕ್ಷೇತ್ರವೇ ಒಂದು ಕಡೆಗೆ ವಾಲಿದ್ದರೆ ಈ ವಿಧಾನಕ್ಕೆ ಅದು ಕಾಣುವುದೇ ಇಲ್ಲ. ಆದುದರಿಂದ ಏಡಿ ನೀಹಾರಿಕೆಯ ತಿಳಿದ ಸ್ಥಾನವನ್ನು ಆಶ್ರಯಿಸಿದ್ದಾರೆ.

ನಮ್ಮ ಆಕ್ಷೇಪವಿರುವುದು ಇಲ್ಲಿಯೇ. ಏಡಿ ನೀಹಾರಿಕೆಯು ಆ ಸ್ಥಳದ ಖಮಧ್ಯದಿಂದ ಕೇವಲ 3 ಡಿಗ್ರಿ ದೂರದಲ್ಲಿ ಹಾದುಹೋಗುತ್ತದೆ. ನಳಿಕೆಯ ಎತ್ತರವನ್ನು ಅಳೆಯುವುದರಲ್ಲಿ ತಪ್ಪಿದ್ದರೆ, ನೆತ್ತಿಯ ಮೇಲಿಂದ ಬರುವ ಕಿರಣಗಳಿಗೆ ಅದು ಕಾಲದ ತಪ್ಪಿನಂತೆಯೇ ತೋರುತ್ತದೆ. ಕಾಲವನ್ನು ತಿದ್ದಿದೊಡನೆ ಅಡಗುತ್ತದೆ. ಕಿರಣವು ಓರೆಯಾಗಿ ಬಂದಾಗ ಮಾತ್ರ ಪುನಃ ತಲೆಯೆತ್ತುತ್ತದೆ. 2017ರ ಪಟ್ಟಿಯಲ್ಲಿ ಸಾಕ್ಷಿಗಳಾಗಿ ಸೇರಿಸಿಕೊಂಡ ಮಾರ್ಕೇರಿಯನ್ 421 ಮತ್ತು 501 ಗೆಲಕ್ಸಿಗಳು ಯಾಮ್ಯೋತ್ತರ ರೇಖೆಯನ್ನು ದಾಟುವಾಗ ಖಮಧ್ಯದಿಂದ ಸುಮಾರು 20 ಡಿಗ್ರಿ ದೂರವಿರುತ್ತವೆ. ಅಲ್ಲಿ ಮರಳಿ ಕಾಣುವುದು ಆ ದೋಷದ ಶೇಕಡ 6 ಮಾತ್ರ. 48 ಡಿಗ್ರಿ ವಾಲಿರುವ ಆಕಾಶಗಂಗೆಯ ಕೇಂದ್ರದ ಕಡೆಗಾದರೋ ಮೂರನೆಯ ಒಂದು ಭಾಗ! ಅತ್ಯಂತ ಕುತೂಹಲಕರವಾದ ಮೂಲಗಳನ್ನು ಯಾವುದರೊಡನೆ ಗುರುತಿಸಬೇಕೆಂಬ ವಿವಾದವಿರುವುದು ಆ ಭಾಗದಲ್ಲಿಯೇ.

2020ರ ಮೂರನೆಯ ಪಟ್ಟಿಯಲ್ಲಿ, ದೃಷ್ಟಿಕ್ಷೇತ್ರದ ಅಂಚಿನಲ್ಲಿ ದಿಕ್ಕಿನ ಅನಿಶ್ಚಯವು ಮೊದಲು ಹೇಳಿದ್ದಕ್ಕಿಂತ ಹೆಚ್ಚೆಂದು ಲೇಖಕರೇ ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದಾರೆ. ಎತ್ತರದ ದೋಷವೇ ಅದಕ್ಕೆ ಕಾರಣವೆಂದು ನಾವು ಹಟ ಹಿಡಿಯುವುದಿಲ್ಲ; ಕಣವೃಷ್ಟಿಯ ಮುಖದ ವಕ್ರತೆಯನ್ನು ಊಹಿಸುವುದರಲ್ಲಿಯೂ ತಪ್ಪಿರಬಹುದು. ಆದರೆ ಏಡಿ ನೀಹಾರಿಕೆಯು ನೆತ್ತಿಯ ಬಳಿಯಿರುವಾಗ ದೊರೆತ ಸ್ಥಾನವನ್ನೂ, ಉದಯಾಸ್ತಗಳ ಕಡೆಗೆ 40 ಡಿಗ್ರಿ ವಾಲಿರುವಾಗ ದೊರೆತ ಸ್ಥಾನವನ್ನೂ ಬೇರೆಬೇರೆಯಾಗಿ ಒಂದೇ ಕೋಷ್ಟಕದಲ್ಲಿ ನೋಡಬಯಸುತ್ತೇವೆ. ಅದಕ್ಕೆ ಹೊಸ ಉಪಕರಣವೇನೂ ಬೇಕಿಲ್ಲ.