ಒಪ್ಪದಿರುವ ಹಕ್ಕಿಗೆ ಬಾಡಿಗೆ ಎಷ್ಟು?

ಕೃಷಿ ಮಾರುಕಟ್ಟೆಯನ್ನು ಕಂಪ್ಯೂಟರಿಗೆ ಏರಿಸುವುದರಲ್ಲಿ ಕರ್ನಾಟಕ ಮುಂದಿತ್ತು. ಇಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಶುರುವಾದದ್ದು 2014ರಲ್ಲಿ. ಕೇಂದ್ರದ ಆನ್‌ಲೈನ್ ಕೃಷಿ ಮಾರುಕಟ್ಟೆ ಇ-ನಾಮ್ ಬಂದದ್ದು 2016ರ ಏಪ್ರಿಲ್‌ನಲ್ಲಿ. ಎಪಿಎಂಸಿ ಗೇಟಿನಲ್ಲಿ ಲಾಟ್ ನಂಬರ್, ವರ್ತಕರಿಂದ ಆನ್‌ಲೈನ್ ಟೆಂಡರ್, ರೈತನ ಮೊಬೈಲಿಗೆ ದರದ ಮೆಸೇಜ್. ದರ ಒಪ್ಪಿಗೆಯಾಗದಿದ್ದರೆ ಮಾಲು ಕೊಡಬೇಕಿಲ್ಲ. ಚೀಟಿಯಲ್ಲಿ ದರ ಬರೆಯುತ್ತಿದ್ದ ಕಾಲದಲ್ಲಿ ಯಾರು ಎಷ್ಟು ಬರೆದರೆಂದು ರೈತನಿಗೆ ತಿಳಿಯುವುದೇ ಕಷ್ಟವಿತ್ತು. ಈಗ ಹೆಚ್ಚಿನ ದರವನ್ನು ಯಂತ್ರವೇ ಆರಿಸುತ್ತದೆ. ಇದು ಸಣ್ಣ ಗೆಲುವಲ್ಲ.

ಆದರೆ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ನಿಂತು ನೋಡಿ. ಖರೀದಿದಾರ ಚೀಲದ ಬಾಯಿ ಬಿಚ್ಚಿ, ಆಳಕ್ಕೆ ಕೈ ಹಾಕಿ, ಒಂದು ಹಿಡಿ ಕಾಯಿ ಎಳೆದು ಅಂಗೈಯಲ್ಲಿ ಅಮುಕುತ್ತಾನೆ. ತೇವವಿದ್ದರೆ ಬಾಗುತ್ತದೆ, ಒಣಗಿದ್ದರೆ ಚಟಪಟ ಎನ್ನುತ್ತದೆ. ಕಾಯಿ ಡಬ್ಬಿ ಬಗೆಯದೋ ಕಡ್ಡಿ ಬಗೆಯದೋ, ಸುಕ್ಕು ಹೇಗಿದೆ, ಬಿಳಿಗಾಯಿ ಎಷ್ಟು ಸೇರಿದೆ, ಎಲ್ಲಕ್ಕಿಂತ ಹೆಚ್ಚಾಗಿ ಬಣ್ಣ ಎಂಥದ್ದು. ಬ್ಯಾಡಗಿ ಕಾಯಿಗೆ ಬೆಲೆ ಬರುವುದೇ ಬಣ್ಣದಿಂದ, ಖಾರದಿಂದಲ್ಲ. ಇಷ್ಟೂ ಮುಗಿದ ಮೇಲೆ ದರ ಹಾಕುತ್ತಾನೆ. ದೂರದೂರಿನ ವರ್ತಕನೂ ಕೂತಲ್ಲಿಂದಲೇ ಪೈಪೋಟಿಗೆ ಇಳಿಯಬಹುದು ಎಂಬ ಭರವಸೆ ಮುಗ್ಗರಿಸುವುದು ಇಲ್ಲೇ. ಕೈಯಿಂದ ಮುಟ್ಟದ ಮಾಲಿಗೆ ಯಾರು ದುಡ್ಡು ಹಾಕುತ್ತಾರೆ? ಲಾಟ್ ಲಾಟಿಗೂ ನಂಬುವಂಥ ಗುಣಮಟ್ಟ ಪರೀಕ್ಷೆ ಇಲ್ಲದಿದ್ದರೆ ಟೆಂಡರ್ ಆನ್‌ಲೈನ್ ಆದರೂ ಪೇಟೆ ಹಳೆಯದೇ, ಖರೀದಿದಾರರೂ ಹಳಬರೇ.

ಇನ್ನು ಒಪ್ಪದಿರುವ ಹಕ್ಕು. ಬಳ್ಳಾರಿ ಕಡೆಯಿಂದಲೋ ಆಂಧ್ರದಿಂದಲೋ ಲಾರಿ ಮಾಡಿಕೊಂಡು ಬಂದವನು ದರ ಕಮ್ಮಿಯೆಂದು ಚೀಲ ವಾಪಸ್ ಒಯ್ದಾನೆಯೆ? ಒಯ್ದರೆ ಲಾರಿ ಬಾಡಿಗೆ, ಇಟ್ಟರೆ ಕೋಲ್ಡ್ ಸ್ಟೋರೇಜ್ ಬಾಡಿಗೆ. ದಲ್ಲಾಳಿಯಿಂದ ಮುಂಗಡ ತಂದಿದ್ದರಂತೂ ಮಾತೇ ಇಲ್ಲ. 2024ರ ಮಾರ್ಚ್ 11ರಂದು ದರ ಕುಸಿದಾಗ ರೊಚ್ಚಿಗೆದ್ದವರು ಬ್ಯಾಡಗಿ ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಇಟ್ಟರು. ಬೆಂಕಿ ಇಟ್ಟದ್ದು ತಪ್ಪೇ. ನಿಯಮದ ಪ್ರಕಾರ ಅವತ್ತೂ ದರ ಬೇಡವೆನ್ನಬಹುದಿತ್ತು; ಬೇಡವೆಂದ ಮೇಲೆ ಚೀಲ ಎಲ್ಲಿಡುವುದು, ಮನೆಗೆ ಏನು ಒಯ್ಯುವುದು ಎಂಬುದಕ್ಕೆ ನಿಯಮದಲ್ಲಿ ಉತ್ತರವಿರಲಿಲ್ಲ.

ಮಾಲಿನ ಮೇಲೆ ಅಡಮಾನ ಸಾಲ ಕೊಡುವ ಪದ್ಧತಿ ಎಪಿಎಂಸಿಗಳಿಗೆ ಹೊಸದಲ್ಲ. ಇಂಥ ಗೋದಾಮಿನಲ್ಲಿ ಜಾಗವಿದೆ, ನಿಮ್ಮ ಚೀಲಗಳ ಮೇಲೆ ಇಂದೇ ಇಷ್ಟು ಸಾಲ ಸಿಗುತ್ತದೆ ಎಂಬ ಎರಡು ಸಾಲು ದರದ ಮೆಸೇಜಿನ ಜೊತೆಗೇ ಬರಲಿ. ಆಗ ರೈತ ಖರೀದಿದಾರನ ಮುಂದೆ ಎರಡು ದಿನ ತಡೆದು ಮಾತಾಡಬಲ್ಲ.